ಮಲೆನಾಡಿನ ಹಳೆಯ ಬೈಕಿಗೆ ಯಾವ ನಂಬರ್ ಪ್ಲೇಟ್: ಅಂಗಡಿಯದೋ, ಶೋರೂಮಿನದೋ, ಮನೆ ಬಾಗಿಲಿನದೋ?

2019ರ ಏಪ್ರಿಲ್ 1ರ ನಂತರ ತಯಾರಾದ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಲ್ಲರ ಬಾಯಲ್ಲಿರುವ ಎಚ್‌ಎಸ್‌ಆರ್‌ಪಿ, ಶೋರೂಮಿನಿಂದಲೇ ಬರುತ್ತದೆ. ತೊಡಕಿರುವುದು ಅದಕ್ಕಿಂತ ಹಿಂದಿನ ಗಾಡಿಗಳಿಗೆ. ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಹಳೆಯ ವಾಹನಗಳಿಗೂ ಇದನ್ನು ಕಡ್ಡಾಯ ಮಾಡಿ, ಅದೇ ವರ್ಷದ ನವೆಂಬರ್ 17ರ ಗಡುವು ಕೊಟ್ಟು, ಆಮೇಲೆ ಅದನ್ನು ಮತ್ತೆ ಮತ್ತೆ ಮುಂದೂಡಿದ್ದರಿಂದ, ಮಾಡಿಸೋಣ ಬಿಡಿ ಎಂದು ಕಾಲ ತಳ್ಳಿದವರೇ ನಮ್ಮ ಕಡೆ ಹೆಚ್ಚು. ಮಂಡಗದ್ದೆ ಆಚೆಯ ನಮ್ಮ ಮನೆಯಲ್ಲಿ ನನ್ನದೊಂದು ಕೆಎ-14 ಸ್ಪ್ಲೆಂಡರ್, ತಮ್ಮ ಸಾಗರದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಕೆಎ-15 ಬೈಕ್, ಶಿವಮೊಗ್ಗದ ವಿನೋಬನಗರದಲ್ಲಿರುವ ಅಕ್ಕನ ಸ್ಕೂಟರ್ ಈ ಮೂರಕ್ಕೂ ಮೂರು ಬಗೆಯ ಪ್ಲೇಟುಗಳು ಕೂತಿದ್ದರಿಂದ, ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಅವಕಾಶ ಸಿಕ್ಕಿತು.

ಮೊದಲು ಅಂಗಡಿಯ ಪ್ಲೇಟಿನ ಮಾತು. ರೇಡಿಯಂ ಸ್ಟಿಕರ್ ಅಂಟಿಸಿದ ಹಳೆಯ ಫೈಬರ್ ಪ್ಲೇಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸ್ಕ್ರೂ ಕೂತ ತೂತಿನಿಂದಲೇ ಅದು ಸೀಳುತ್ತದೆ, ಎರಡು ಮಳೆಗಾಲ ಕಳೆದರೆ ಅಕ್ಷರದ ಅಂಚು ಏಳುತ್ತದೆ. ನಿಜವಾಗಿ ಮೋಸಹೋಗಿಸುವುದು ಅಸಲಿಯ ಹಾಗೆಯೇ ಕಾಣುವ ನಕಲಿ. ತಮ್ಮ ಕೊಂಡ ಬೈಕಿನಲ್ಲಿ ಹಿಂದಿನ ಮಾಲೀಕರು ಹಾಕಿಸಿದ್ದು ಅಂಥದ್ದೇ: ಅಲ್ಯೂಮಿನಿಯಂ ತಗಡು, ಉಬ್ಬಿದ ಅಕ್ಷರ, ಎಡಬದಿಯಲ್ಲಿ ನೀಲಿ ಬಣ್ಣದ ‘ಐಎನ್‌ಡಿ’, ಮೇಲೊಂದು ಅಶೋಕ ಚಕ್ರ. ನಾಲ್ಕು ಹೆಜ್ಜೆ ದೂರದಿಂದ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಹತ್ತಿರ ಕೂತು ನೋಡಿದಾಗ ಚಕ್ರವೆಂಬುದು ಉಗುರಿಗೆ ಏಳುವ ಸ್ಟಿಕರ್ ಆಗಿತ್ತು. ಅಸಲಿಯಲ್ಲಿ ಅದು 20 ಮಿ.ಮೀ. ಚೌಕದ ಕ್ರೋಮಿಯಂ ಹೊಲೊಗ್ರಾಮ್ ಆಗಿದ್ದು, ಬಿಸಿಯೊತ್ತಿನಿಂದ ಫಲಕದೊಳಗೇ ಕೂತಿರುತ್ತದೆ. ಅಸಲಿಯ ಕೆಳಗಿನ ಎಡಮೂಲೆಯಲ್ಲಿ ಲೇಸರ್‌ನಿಂದ ಕೊರೆದ ಗುರುತಿನ ಸಂಖ್ಯೆಯಿರುತ್ತದೆ, ಇದರಲ್ಲಿ ಆ ಜಾಗ ಬರಿದಾಗಿತ್ತು. ಅಸಲಿಯ ಕಪ್ಪು ಅಕ್ಷರಗಳನ್ನು ಬೆಳಕಿಗೆ ಓರೆ ಮಾಡಿ ಹಿಡಿದರೆ ‘ಇಂಡಿಯಾ’ ಎಂಬ ಸಣ್ಣ ಬರಹ ಓರೆಯಾಗಿ ಸಾಲುಗಟ್ಟಿ ಕಾಣುತ್ತದೆ, ಇದರಲ್ಲಿ ಬರೀ ಕಪ್ಪು. ಕಟ್ಟಕಡೆಗೆ, ಇದನ್ನು ಹಿಡಿದಿದ್ದದ್ದು ಸೈಕಲ್ ಅಂಗಡಿಯಲ್ಲೂ ಸಿಗುವ ಎರಡು ಮಾಮೂಲಿ ಸ್ಕ್ರೂಗಳು.

ಬೆಲೆಯಲ್ಲಿ ಅಂಗಡಿಯದು ಅಗ್ಗ ಎಂಬುದು ನಿಜ. ಅರ್ಧ ಗಂಟೆಯಲ್ಲಿ ಕೈಗೆ ಸಿಗುತ್ತದೆ, ಆರ್‌ಸಿ ಕೂಡ ಕೇಳುವುದಿಲ್ಲ. ಆರ್‌ಸಿ ಕೇಳದಿರುವುದೇ ಅದರ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ, ಏಕೆಂದರೆ ಅಸಲಿ ಫಲಕದ ಲೇಸರ್ ಸಂಖ್ಯೆ ಸಾರಿಗೆ ಇಲಾಖೆಯ ‘ವಾಹನ್’ ದಾಖಲೆಯಲ್ಲಿ ಆ ಗಾಡಿಯ ಹೆಸರಿಗೆ ಸೇರುತ್ತದೆ, ಮತ್ತು ಫಲಕ ಇಲ್ಲದ ಗಾಡಿಗೆ ಮಾಲೀಕತ್ವ ವರ್ಗಾವಣೆ, ವಿಳಾಸ ಬದಲಾವಣೆಯಂಥ ಕೆಲಸ ಮಾಡಿಕೊಡುವುದಿಲ್ಲವೆಂದು ಇಲಾಖೆ ಹೇಳಿದೆ. ತಮ್ಮ ಬೈಕನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಿದ್ದುದರಿಂದ ಆ ಚೆಂದದ ತಗಡನ್ನು ಬಿಚ್ಚಿ ಹೊಸದಕ್ಕೆ ದುಡ್ಡು ಕಟ್ಟಲೇಬೇಕಾಯಿತು.

ಅಸಲಿ ಫಲಕವನ್ನು ಸಾರಿಗೆ ಇಲಾಖೆಯ ಜಾಲತಾಣದಿಂದಲೋ ವಾಹನ ತಯಾರಕರ ಸಂಘವಾದ ಸಿಯಾಮ್‌ನ ಜಾಲತಾಣದಿಂದಲೋ ಬುಕ್ ಮಾಡಬೇಕು. ಹುಡುಕಾಟದಲ್ಲಿ ಮೊದಲು ಕಾಣಿಸುವ ಬೇರೆ ಕೊಂಡಿಗಳನ್ನು ಒತ್ತಬಾರದು, ನಕಲಿ ತಾಣಗಳಿವೆ. ಕಂಪನಿ ಆರಿಸಿ, ನೋಂದಣಿ ಸಂಖ್ಯೆಯ ಜೊತೆಗೆ ಚಾಸಿಸ್ ಮತ್ತು ಎಂಜಿನ್ ನಂಬರಿನ ವಿವರ ತುಂಬಿ, ಒಟಿಪಿ ಕೊಟ್ಟು, ಆನ್‌ಲೈನ್‌ನಲ್ಲೇ ಹಣ ಕಟ್ಟಬೇಕು. ದ್ವಿಚಕ್ರದ ಜೋಡಿ ಫಲಕಕ್ಕೆ ಕಂಪನಿಗೆ ತಕ್ಕಂತೆ ಸುಮಾರು 400ರಿಂದ 500 ರೂಪಾಯಿ. ನಾನು ಸ್ಪ್ಲೆಂಡರ್‌ಗೆ ಮನೆಯಲ್ಲಿ ಕೂತು ಬುಕ್ ಮಾಡಿದೆ. ತಮ್ಮ ಸೈಬರ್ ಸೆಂಟರಿಗೆ ಹೋದ. ಸೈಬರಿನವರು ಮೇಲೆ ಸ್ವಲ್ಪ ದುಡ್ಡು ತೆಗೆದುಕೊಂಡದ್ದು ನ್ಯಾಯವೇ, ಆದರೆ ಸೆಂಟರಿನ ಮೊಬೈಲ್ ನಂಬರನ್ನೇ ಕೊಟ್ಟುಬಿಟ್ಟಿದ್ದರಿಂದ ಪ್ಲೇಟ್ ಬಂದ ಸಂದೇಶ ಅವರಿಗೆ ಹೋಗಿ, ಇವನಿಗೆ ತಿಳಿದದ್ದು ವಿಚಾರಿಸಿದ ಮೇಲೆ. ಸೈಬರಿಗೆ ಹೋದರೂ ನಂಬರ್ ನಿಮ್ಮದೇ ಇರಲಿ, ರಸೀದಿಯ ಪ್ರತಿ ಕೈಯಲ್ಲಿರಲಿ.

ಶೋರೂಮಿನಲ್ಲಿ ಕೂರಿಸುವುದಕ್ಕೂ ಮನೆ ಬಾಗಿಲಿಗೆ ಬಂದು ಕೂರಿಸುವುದಕ್ಕೂ ಇರುವ ವ್ಯತ್ಯಾಸ ಹೆಚ್ಚುವರಿ ಶುಲ್ಕದಷ್ಟೇ ಅಲ್ಲ. ನಮ್ಮೂರಿನ ಪಿನ್‌ಕೋಡಿಗೆ ಮನೆ ಬಾಗಿಲ ಸೇವೆ ಸಿಗಲೇ ಇಲ್ಲ. ಅಕ್ಕನ ವಿನೋಬನಗರಕ್ಕೆ ಸಿಕ್ಕಿತು. ಬಂದ ಹುಡುಗ ಚುರುಕಾಗಿದ್ದ, ಅಕ್ಕನ ಸ್ಕೂಟರಿಗೆ ಕಂಪನಿಯ ತೂತುಗಳು ಸರಿಯಾಗಿಯೇ ಇದ್ದುದರಿಂದ ಕ್ಷಣದಲ್ಲಿ ಕೆಲಸ ಮುಗಿಯಿತು. ಇದೇ ಹುಡುಗ ನನ್ನ ಸ್ಪ್ಲೆಂಡರ್‌ಗೆ ಬಂದಿದ್ದರೆ ಬರಿಗೈಯಲ್ಲಿ ವಾಪಸ್ ಹೋಗಬೇಕಿತ್ತು. ನಮ್ಮ ಕಡೆಯ ಗಾಡಿಗಳು ತೋಟದ ದಾರಿ, ಗದ್ದೆ ಬದು, ಕಿತ್ತುಹೋದ ಜಲ್ಲಿ ರಸ್ತೆ ಎಲ್ಲವನ್ನೂ ಕಂಡಿರುತ್ತವೆ. ಮುಂದಿನ ಮಡ್‌ಗಾರ್ಡಿನ ಕ್ಲಾಂಪ್ ತುಕ್ಕು ಹಿಡಿದೋ ಬಾಗಿಯೋ ಇರುತ್ತದೆ. 285 ಮಿ.ಮೀ. ಉದ್ದ, 45 ಮಿ.ಮೀ. ಅಗಲದ ಮುಂದಿನ ಫಲಕ ತೆಳುವಾದ ಪಟ್ಟಿ. ಬಾಗಿದ ಕ್ಲಾಂಪಿನ ಮೇಲೆ ಅದನ್ನು ಎಳೆದು ಬಿಗಿದರೆ ಅದೂ ಬಾಗುತ್ತದೆ. ಶೋರೂಮಿನ ಮೆಕ್ಯಾನಿಕ್ ಕ್ಲಾಂಪ್ ಬದಲಿಸಿ, ವಾಷರ್ ಕೊಟ್ಟು, ಆಮೇಲೆ ಕೂರಿಸಿದರು. ಕ್ಲಾಂಪಿನ ದುಡ್ಡು ಬೇರೆ ಕೇಳಿದರು, ಬಿಲ್ ಕೊಟ್ಟರು. ಆದರೆ ಕೂರಿಸುವ ಕೂಲಿ ಬುಕಿಂಗ್ ಹಣದಲ್ಲೇ ಸೇರಿರುವುದರಿಂದ ಅದನ್ನು ಪ್ರತ್ಯೇಕವಾಗಿ ಕೇಳಿದರೆ ಕೊಡಬೇಕಾಗಿಲ್ಲ.

ಇದು ಇನ್ನೂ ಮುಖ್ಯವಾಗುವುದು ಹಿಂದಿನ ಫಲಕದಲ್ಲಿ. ಅದನ್ನು ಹಿಡಿದಿಡುವ ಸ್ನ್ಯಾಪ್ ಲಾಕ್ ಒಮ್ಮೆ ಕೂತರೆ ಕೂತಿತು, ತೆಗೆಯಬೇಕೆಂದರೆ ಒಡೆಯಬೇಕು. ಓರೆಯಾಗಿ ಕೂತರೆ ಸ್ಕ್ರೂ ಸಡಿಲಿಸಿ ಸರಿಮಾಡುವ ಹಾಗಿಲ್ಲ. ಆದ್ದರಿಂದ ಲಾಕ್ ಒತ್ತುವ ಮೊದಲು ಹಿಂದೆ ನಿಂತು ಮಟ್ಟ ನೋಡಿ, ಆರ್‌ಸಿಯ ಅಕ್ಷರ ಅಕ್ಷರವನ್ನೂ ತಾಳೆ ನೋಡಿ ಒಪ್ಪಿಗೆ ಕೊಡುವುದು ಒಳ್ಳೆಯದು.

ಮಳೆಗಾಲದ ಪರೀಕ್ಷೆಯಲ್ಲಿ ನನ್ನ ಮತ್ತು ಅಕ್ಕನ ಎರಡು ಅಸಲಿ ಜೋಡಿಗಳೂ ಸಮವಾಗಿಯೇ ನಿಂತಿವೆ. ಆಗುಂಬೆ ಘಾಟಿಯ ಮಂಜಿನಲ್ಲಿ ಹಿಂದಿನಿಂದ ಬರುವ ಗಾಡಿಯ ಬೆಳಕಿಗೆ ಬಿಳಿ ಹಿನ್ನೆಲೆ ಹೊಳೆದು ನಂಬರ್ ಓದಲು ಬರುತ್ತದೆ. ತಮ್ಮನ ನಕಲಿ ಹೀಗೆ ಹೊಳೆಯುತ್ತಿರಲಿಲ್ಲ. ಕೆಮ್ಮಣ್ಣು ಉಬ್ಬಕ್ಷರಗಳ ಮಗ್ಗುಲಲ್ಲಿ ಗಟ್ಟಿಯಾಗಿ ಕೂರುತ್ತದೆ. ಅದನ್ನು ಒಣಗಿದ ಮೇಲೆ ತೆಂಗಿನ ನಾರಿನಲ್ಲಿ ಉಜ್ಜಿದರೆ ಅಕ್ಷರದ ಕಪ್ಪು ಅಂಚಿನಲ್ಲಿ ಸವೆಯುತ್ತದೆ, ಹಾಗಾಗಿ ನೀರು ಬಿಟ್ಟು ನೆನೆಸಿ ಬಟ್ಟೆಯಲ್ಲಿ ಒರೆಸುವುದೇ ಸರಿ. ಕನ್ನಡ ಅಂಕಿಯ ಪ್ಲೇಟ್ ಹಾಕಿಕೊಂಡ ಗೆಳೆಯರಿಗೆ ಮಾತ್ರ ಇದರಲ್ಲಿ ಸಮಾಧಾನವಿಲ್ಲ. ಕೇಂದ್ರದ ಮೋಟಾರು ವಾಹನ ನಿಯಮ ಇಂಗ್ಲಿಷ್ ಅಕ್ಷರ, ಅರೇಬಿಕ್ (1, 2, 3) ಅಂಕಿಗಳನ್ನೇ ಕೇಳುತ್ತದೆ.

ಒಟ್ಟಿನಲ್ಲಿ ಪೇಟೆಯೊಳಗೆ ಮನೆಯಿದ್ದು ಗಾಡಿಯ ಕ್ಲಾಂಪು, ತೂತುಗಳು ನೆಟ್ಟಗಿದ್ದರೆ ಮನೆ ಬಾಗಿಲ ಸೇವೆಗೆ ಹೆಚ್ಚು ಹಣ ಕೊಡಬಹುದು. ತೀರ್ಥಹಳ್ಳಿ, ಹೊಸನಗರದ ಕಡೆಯ ಹಳ್ಳಿಗಾಡಿನ ಬೈಕಿಗೆ ಶೋರೂಮೇ ಸೈ, ಪೇಟೆಗೆ ಒಂದು ಸಲ ಹೋಗಿಬರುವ ಪೆಟ್ರೋಲ್ ಸೇರಿದರೂ. ಮುಂದಿನ ಫಲಕವೊಂದೇ ಬಿದ್ದು ಮುರಿದರೆ ಅದೊಂದನ್ನೇ ಬುಕ್ ಮಾಡಲು ಬರುತ್ತದೆ. ಹಳೆಯದನ್ನು ಹೊಸದು ಕೂರಿಸುವವರಿಗೆ ಒಪ್ಪಿಸಬೇಕಾಗುವುದರಿಂದ ತುಂಡನ್ನು ಎಸೆಯಬಾರದು. ಕಳೆದೇ ಹೋಗಿದ್ದರೆ ಪೊಲೀಸ್ ಠಾಣೆಯ ದೂರಿನ ಪ್ರತಿ ಬೇಕಾಗುತ್ತದೆ.