ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರೋ ಪೆನ್‌ಡ್ರೈವ್ ಥರದ್ದು) ಏಜೆಂಟ್ ಕೈಯಾಗ ಬಿಡಬ್ಯಾಡ್ರಿ, ನನ್ನ ಹೆಸರಿನ್ಯಾಗ ನನಗ ಗೊತ್ತಿಲ್ದ ಟೆಂಡರ್ ಬಿದ್ದೈತಿ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಸಣ್ಣ ಸಪ್ಲೈ ಟೆಂಡರ್ ಹಾಕೋರು ದಯವಿಟ್ಟು ಪೂರ್ತಿ ಓದ್ರಿ. ಬರಿಯಾಕ ನಾಚಿಕಿ ಆಗ್ತೈತಿ, ಮನ್ಯಾಗ ಹೇಳಾಕ ಮೂರು ದಿನ ಹಿಡೀತು.

ನಂದು ಕೊಪ್ಪಳದಾಗ ಸ್ಟೀಲ್ ಫರ್ನಿಚರ್ ವರ್ಕ್‌ಶಾಪ್. ಸಾಲಿ ಡೆಸ್ಕ್, ಅಲ್ಮಾರಿ ಮಾಡ್ತೀವಿ. ಕಂಪ್ಯೂಟರ್ ಅಷ್ಟಾಗಿ ಬರಲ್ಲ, ಅದಕ್ಕ ರಾಜ್ಯ ಸರ್ಕಾರದ ಟೆಂಡರ್ ಹಾಕೋ ಕೆಪಿಪಿಪಿ ಪೋರ್ಟಲ್‌ನ್ಯಾಗ ರಿಜಿಸ್ಟರ್ ಮಾಡೋದು, ಡಿಎಸ್‌ಸಿ ಮಾಡಿಸೋದು, ಬಿಡ್ ಅಪ್‌ಲೋಡ್ ಮಾಡೋದು ಎಲ್ಲಾ ಒಬ್ಬ ಏಜೆಂಟ್ ಹುಡುಗನ ಹತ್ರ. ಒಂದು ಟೆಂಡರ್‌ಗೆ ಮೂರು ಸಾವಿರ. "ಅಣ್ಣಾರ, ಪ್ರತಿ ಸಲ ಟೋಕನ್ ಹಿಡ್ಕೊಂಡು ಯಾಕ ಓಡಾಡ್ತೀರಿ, ನನ್ ಹತ್ರನ ಇರಲಿ ಬಿಡ್ರಿ" ಅಂದ. ಬಿಟ್ಟೆ. ಪಿನ್ನೂ ವಾಟ್ಸಾಪ್‌ನ್ಯಾಗ ಕಳಿಸಿದೆ. ಪಿನ್ನೂ ಕಳಿಸಿದೆ ನೋಡ್ರಿ.

ಹೋದ ವಾರ ಸಿಂಧನೂರಿನ ಗೆಳೆಯ ಫೋನ್ ಮಾಡಿದ, ಅವಂದೂ ಇದ ಧಂದೆ. "ಏನಪಾ, ನಮ್ ಕಡೆ ಬಂದು ಅವರಿಗೆ ಸಪೋರ್ಟ್ ಟೆಂಡರ್ ಹಾಕೀಯಲ್ಲ, ನನಗ ಒಂದು ಮಾತು ಹೇಳಬೇಕಿತ್ತು" ಅಂದ. ನನಗ ತಿಳೀಲಿಲ್ಲ. ಟೆಂಡರ್ ಫಲಿತಾಂಶದ ಫೋಟೋ ಅವನ ಕಳಿಸಿದ. ಅವನ ಬಿಡ್ ಟೆಕ್ನಿಕಲ್ ಕವರ್‌ನ್ಯಾಗ ರಿಜೆಕ್ಟ್, ದಾಖಲೆ ಸ್ಪಷ್ಟ ಇಲ್ಲಂತ. ರೇಟ್ ಇರೋ ಫೈನಾನ್ಶಿಯಲ್ ಕವರ್ ಓಪನ್ ಆಗಿದ್ದು ಮೂರು ಫರ್ಮಿಂದು, ಎರಡನೇ ಹೆಸರು ನಂದು. ನಾನು 5,200ಕ್ಕ ಮಾಡಿ ಕೊಡೋ ಡೆಸ್ಕಿಗೆ ನನ್ನ ಹೆಸರಿನ್ಯಾಗ 9,450 ರೇಟ್. ಎಲ್1, ಅಂದ್ರ ಎಲ್ಲಾರಕಿಂತ ಕಡಿಮಿ ರೇಟಿನೋನು ಆದೋನು 8,900. ಅಂದ್ರ ಅವಂದು ಕಡಿಮಿ ಕಾಣ್ಲಿ ಅಂತ ನನ್ನ ಹೆಸರು ಮ್ಯಾಲೆ ಇಟ್ಟಾರ.

ಆಗಿಂದಾಗ ಏಜೆಂಟ್ ಅಂಗಡಿಗೆ ಹೋದೆ. ನನ್ ಟೋಕನ್ ಕೊಡು ಅಂದೆ, ಡ್ರಾವರ್ ಎಳೆದ. ಅದ್ರಾಗ ಕಮ್ಮಿ ಅಂದ್ರ ಇಪ್ಪತ್ತು ಟೋಕನ್ ಇದ್ವು, ಒಂದೊಂದಕ್ಕ ಬಿಳಿ ಪ್ಲಾಸ್ಟರ್ ಹಚ್ಚಿ ಪೆನ್ನಿಂದ ಫರ್ಮ್ ಹೆಸರು, ಹೆಸರಿನ ಕೆಳಗ ಪಿನ್. ನಂದೂ ಇತ್ತು, ನನ್ ಪಿನ್ ಬರ್ದಿದ್ದ. ಎಲ್1 ಆದೋನ ಫರ್ಮ್ ಹೆಸರಿಂದೂ ಅದ ಡ್ರಾವರ್‌ನ್ಯಾಗ ಇತ್ತು! ಅಲ್ಲೇ ಕೈಕಾಲು ತಣ್ಣಗಾದವು. ಆ ಮೂರರಾಗ ಎರಡು ಫರ್ಮು, ಡ್ರಾವರ್ ಒಂದ, ಕೂತು ರೇಟ್ ಹಾಕಿದ ಕೈ ಒಂದ.

ಕೇಳಿದ್ರ ಏನಂತಾನ, "ಅಣ್ಣಾರ, ನಿಮಗ ಒಂದು ರೂಪಾಯಿನರ ಖರ್ಚಾತೇನ್ರಿ? ಇಎಂಡಿ ಠೇವಣಿ ಪಾರ್ಟಿನ ಕಟ್ಟ್ಯಾನ. ನಾಳೆ ನಿಮಗೂ ಸಪೋರ್ಟ್ ಬೇಕಾಗ್ತೈತಿ." ನನ್ನ ಕೇಳದ ನನ್ ಸಹಿ ಹಾಕಿದ್ದಕ್ಕ ಇದು ಉತ್ತರ. ಜೋರು ಮಾಡಿದೆ. "ಪಿನ್ ಕೊಟ್ಟೋರು ನೀವ, ವಾಟ್ಸಾಪ್ ಐತಿ ನನ್ ಹತ್ರ" ಅಂದ.

ಟೆಂಡರ್ ಕರೆದ ಆಫೀಸಿಗೂ ಹೋಗಿ ಹೇಳಿದೆ. "ನಿಮ್ ಡಿಎಸ್‌ಸಿ ಸಹಿ ಐತಿ, ಸಿಸ್ಟಮ್ ಪ್ರಕಾರ ನೀವ ಹಾಕೀರಿ, ನಾವೇನ್ ಮಾಡೋಣ" ಅಂದ್ರು. ಸಿಟ್ಟು ಬಂತು, ಆದ್ರ ಆಮೇಲೆ ವಕೀಲರನ್ನ ಕೇಳಿದ್ರ ಅವರೂ ಅದನ್ನ ಹೇಳಿದ್ರು, 2000ದ ಐಟಿ ಕಾಯ್ದೆ ಪ್ರಕಾರ ಡಿಜಿಟಲ್ ಸಹಿ ಕೀಲಿ ಜ್ವಾಪಾನ ಮಾಡೋದು ಸಹಿದಾರನ ಜವಾಬ್ದಾರಿನಂತ. ಮ್ಯಾಲೆ ಇನ್ನೊಂದು. ಪೋರ್ಟಲ್‌ನ್ಯಾಗ ನನ್ ಫರ್ಮಿಗೆ ಇರೋ ಇಮೇಲ್ ಏಜೆಂಟಂದು, ಮೊಬೈಲ್ ನಂಬರ್ ಅವಂದು. ಮೆಸೇಜ್ ಒಂದೂ ನನಗ ಬಂದಿಲ್ಲ ಅಂದ್ರ ಹೆಂಗ ಬರಬೇಕು.

ಹಿಂದ ಫಾರ್ಮ್ ಡಬ್ಬಿಯಾಗ ಹಾಕೋ ಟೆಂಡರ್ ಇದ್ದಾಗ ಮಂದಿ ಬಾಗಿಲದಾಗ ನಿಂತು ಫಾರ್ಮ್ ಹಾಕಾಕ ಬಿಡ್ತಿರಲಿಲ್ಲ, ನಮ್ಮಪ್ಪ ವಾಪಸ್ ಬಂದಿದ್ದು ನಾನ ನೋಡೀನಿ. 1999ರ ಸರ್ಕಾರಿ ಖರೀದಿ ಪಾರದರ್ಶಕತೆ ಕಾಯ್ದೆ ಬಂತು, ಆಮೇಲೆ ಆನ್‌ಲೈನ್ ಬಂತು, ನನ್ನಂಥೋನೂ ಮನ್ಯಾಗ ಕೂತು ಹಾಕಬಹುದು ಅಂತ ಭಾಳ ನಂಬಿದ್ದೆ. ಈಗೂ ಆನ್‌ಲೈನ್ ಬ್ಯಾಡ ಅನ್ನಲ್ಲ. ಟೋಕನ್ ಬ್ಯಾರೆಯವರ ಡ್ರಾವರ್‌ನ್ಯಾಗ ಇದ್ರ ಆ ಡಬ್ಬಿನ ತಿರುಗಿ ಬಂದಂಗ, ಅಷ್ಟ.

ಈಗ ಹಳೇ ಡಿಎಸ್‌ಸಿ ರದ್ದು ಮಾಡ್ಸೀನಿ, ಇಮೇಲ್ ನಂಬರ್ ಬದಲಿಗೆ ಹೆಲ್ಪ್‌ಡೆಸ್ಕಿಗೆ ಬರ್ದೀನಿ, ಆಫೀಸಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಂಡೀನಿ. ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕೀನಿ, ಮೂರೂ ಬಿಡ್ಡಿಗೆ ಇಎಂಡಿ ಯಾವ ಖಾತೆಯಿಂದ ಬಂದೈತಿ ಅಂತ ಕೇಳೀನಿ. ಗೆಳೆಯ ಆ ಪಾರದರ್ಶಕತೆ ಕಾಯ್ದೆಯ ಸೆಕ್ಷನ್ 16ರಾಗ ಅಪೀಲ್ ಹಾಕ್ತಾನ, ಆದೇಶ ಕೈಗೆ ಬಂದ ಮ್ಯಾಲೆ 30 ದಿನದಾಗ ಹಾಕಬೇಕು, ಅದ್ರಾಗ ಇನ್ನ ಆರ ದಿನ ಉಳದಾವು. ನಾನೂ ಬಂದು ಬರ್ದು ಕೊಡ್ತೀನಿ ಅಂದೀನಿ. "ನೋಡೋಣ" ಅಂದ, ಅಷ್ಟ ಅಂದ.

ಪಿನ್ ಯಾರಿಗೂ ಹೇಳಬ್ಯಾಡ್ರಿ, ಎದುರಿಗೆ ಕೂತು ನೀವ ಒತ್ರಿ. ಲಾಗಿನ್ ಆಗಿ ನಿಮ್ ಹೆಸರಿನ್ಯಾಗ ಎಷ್ಟು ಬಿಡ್ ಹೋಗ್ಯಾವು ನೋಡ್ರಿ. ಇಪ್ಪತ್ತು ಟೋಕನ್ ನಾನು ಕಣ್ಣಾರೆ ನೋಡೀನಿ, ಅದ್ರಾಗ ನಿಮ್ದೂ ಇರಬಹುದು, ಏಜೆಂಟ್ ಹತ್ರ ಇಟ್ಟೋರು ಇವತ್ತ ಹೋಗಿ ಇಸ್ಕೊಂಡು ಬರ್ರಿ.