ಮೂರು ಸಾವಿರ ಜನರ ಜೊತೆ ಏಳು ರಾತ್ರಿ: ಮಿಯಾಮಿಯಿಂದ ಹೊರಟ ಒಂದು ಕೆರಿಬಿಯನ್ ಕ್ರೂಸ್

ಕಳೆದ ಫೆಬ್ರವರಿಯಲ್ಲಿ ಹಾಸನದಿಂದ ಬಂದಿದ್ದ ಅಪ್ಪ, ಅಮ್ಮ, ನನ್ನ ಹೆಂಡತಿ ಮತ್ತು ನಾನು, ಹೀಗೆ ನಾಲ್ವರು ಮಿಯಾಮಿ ಬಂದರಿನಲ್ಲಿ ಹಡಗು ಹತ್ತಿ ಏಳು ರಾತ್ರಿಗಳ ಪೂರ್ವ ಕೆರಿಬಿಯನ್ ಕ್ರೂಸ್ ಮುಗಿಸಿ ಬಂದೆವು. ಶನಿವಾರ ಸಂಜೆ ಹೊರಟ ಹಡಗು ಎರಡು ದಿನ ಸಮುದ್ರದಲ್ಲೇ ಸಾಗಿ, ಮಂಗಳವಾರ ಸಿಂಟ್ ಮಾರ್ಟನ್, ಬುಧವಾರ ಸೇಂಟ್ ಥಾಮಸ್, ಶುಕ್ರವಾರ ಮಧ್ಯಾಹ್ನ ಬಹಾಮಾಸ್ ದೇಶದ ನಸ್ಸೌ ಮುಟ್ಟಿ, ಮರುದಿನ ಬೆಳಗ್ಗೆ ಮತ್ತೆ ಮಿಯಾಮಿಗೆ ಬಂತು. ಈ ಪ್ರವಾಸದ ಜಾಹೀರಾತುಗಳಲ್ಲಿ ಕಾಣುವುದು ನೀಲಿ ನೀರು, ಬಿಳಿ ಮರಳು, ಖಾಲಿ ಡೆಕ್ಕಿನ ಮೇಲೆ ಕೈಕೈ ಹಿಡಿದು ನಿಂತ ಒಂದು ಜೋಡಿ. ಹಣ ಕೊಟ್ಟವರಿಗೆ ಸಿಗುವುದು ಒಂದೇ ಛತ್ರದೊಳಗೆ ಮೂರು ಸಾವಿರಕ್ಕೂ ಮಿಕ್ಕಿದ ಅಪರಿಚಿತರ ಜೊತೆ ಏಳು ದಿನ ನಡೆಯುವ ಮದುವೆ. ಹಡಗು ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನನ್ನ ದೂರುಗಳಲ್ಲಿ ಹೆಚ್ಚಿನವು ಹಡಗಿನಲ್ಲಿದ್ದ ಜನರ ಬಗ್ಗೆ, ಮತ್ತು ಆ ಜನರಲ್ಲಿ ನಾವೂ ಸೇರಿದ್ದೇವೆ.

ಮೊದಲು ಖರ್ಚಿನ ಮಾತು ಮುಗಿಸಿಬಿಡುತ್ತೇನೆ. ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್‌ಗಳನ್ನು ಅಕ್ಕಪಕ್ಕದಲ್ಲಿ ಎರಡು ತೆಗೆದುಕೊಂಡಿದ್ದೆವು. ಟಿಕೆಟ್ಟಿನ ದರ ನೋಡಿ ಅಗ್ಗವೆಂದು ಹಿಗ್ಗುವ ಮೊದಲು ಬಂದರಿನ ಶುಲ್ಕ, ತೆರಿಗೆ ಮತ್ತು ಕಡ್ಡಾಯದಂತೆಯೇ ಖಾತೆಗೆ ಬೀಳುವ ಟಿಪ್ಸ್ ಸೇರಿಸಿ ನೋಡಬೇಕು. ನಮಗೆ ತಲೆಗೆ ದಿನಕ್ಕೆ 17 ಡಾಲರ್‌ನಂತೆ ಟಿಪ್ಸ್ ಒಂದೇ 476 ಡಾಲರ್ ಆಯಿತು. ಇಂಟರ್‌ನೆಟ್ ಬೇರೆ, ಮದ್ಯ ಬೇರೆ, ಬಾಟಲಿಯ ನೀರು ಕೂಡ ಬೇರೆ. ಇನ್ನೊಂದು ಎಚ್ಚರಿಕೆ ಭಾರತೀಯ ಪಾಸ್‌ಪೋರ್ಟ್ ಹಿಡಿದು ವೀಸಾದ ಮೇಲೆ ಅಮೆರಿಕದಲ್ಲಿ ಇರುವವರಿಗೆ: ಹಡಗು ಮಿಯಾಮಿಗೆ ಮರಳಿದಾಗ ನೀವು ಅಮೆರಿಕವನ್ನು ಹೊಸದಾಗಿ ಪ್ರವೇಶಿಸಿದಂತೆ. ಆದ್ದರಿಂದ ಹಲವು ಬಾರಿ ಪ್ರವೇಶಿಸಬಹುದಾದ, ಅವಧಿ ಮುಗಿಯದ ವೀಸಾ ಪಾಸ್‌ಪೋರ್ಟಿನಲ್ಲಿ ಇರಲೇಬೇಕು. ಕೈಯಲ್ಲಿ ಎಚ್‌1ಬಿ ಉದ್ಯೋಗ ವೀಸಾದ ಅನುಮೋದನೆಯ ಕಾಗದವಿದೆ, ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸುವ ಸ್ಟ್ಯಾಂಪಿಂಗ್ ಮಾತ್ರ ಬಾಕಿ ಎನ್ನುವವರು ಈ ಪ್ರವಾಸವನ್ನು ಮುಂದೂಡುವುದು ಒಳ್ಳೆಯದು.

ಹತ್ತುವಾಗಲೇ ಒಂದು ಸಣ್ಣ ಅವಮಾನವಾಯಿತು. ಬೆಳಗಿನ ಕಾಫಿಗೆಂದು ಅಪ್ಪ ಪೆಟ್ಟಿಗೆಯಲ್ಲಿ ಎಲೆಕ್ಟ್ರಿಕ್ ಕೆಟಲ್ ಇಟ್ಟಿದ್ದರು. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಕೆಟಲ್, ಇಸ್ತ್ರಿಪೆಟ್ಟಿಗೆ, ಅನ್ನದ ಕುಕ್ಕರ್ ಯಾವುದಕ್ಕೂ ಒಳಗೆ ಪ್ರವೇಶವಿಲ್ಲ. ತಪಾಸಣೆಯವರು ಅದನ್ನು ತೆಗೆದಿಟ್ಟುಕೊಂಡು ಕೊನೆಯ ದಿನ ಪಡೆಯಲು ಒಂದು ಚೀಟಿ ಕೊಟ್ಟರು. ಸೀಲ್ ಒಡೆಯದ ಚಟ್ನಿಪುಡಿ ಮತ್ತು ಉಪ್ಪಿನಕಾಯಿಯನ್ನು ಮಾತ್ರ ಏನೂ ಕೇಳದೆ ಬಿಟ್ಟರು. ಅನಂತರ ಪ್ರತಿಯೊಬ್ಬರೂ ತಮ್ಮ ತುರ್ತು ಕೂಟಸ್ಥಳಕ್ಕೆ ಹೋಗಿ ಲೈಫ್ ಜಾಕೆಟ್ ಹಾಕುವ ಕ್ರಮ ನೋಡಿ ಬರಬೇಕು. 2012ರಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಮಂದಿ ಸತ್ತ ಮೇಲೆ, ಈ ತಾಲೀಮನ್ನು ಹಡಗು ಹೊರಡುವ ಮೊದಲೇ ಮುಗಿಸುವ ಕಟ್ಟುನಿಟ್ಟು ಬಂದಿದೆ. ಆ ಹತ್ತು ನಿಮಿಷಕ್ಕೂ ಗೊಣಗುವವರನ್ನು ಕಂಡಾಗಲೇ, ಮುಂದಿನ ಏಳು ದಿನ ಯಾರ ನಡುವೆ ಕಳೆಯಬೇಕೆಂಬುದರ ಅಂದಾಜು ಸಿಕ್ಕಿತು.

ಭಾನುವಾರ ಬೆಳಗ್ಗೆ ಆರೂವರೆಗೆ ಈಜುಕೊಳದ ಡೆಕ್ಕಿಗೆ ಹೋದೆ. ಸೂರ್ಯ ಇನ್ನೂ ಸರಿಯಾಗಿ ಮೇಲೆ ಬಂದಿರಲಿಲ್ಲ; ನೂರಾರು ಒರಗುಕುರ್ಚಿಗಳಲ್ಲಿ ಮನುಷ್ಯರೆಂದು ಕಂಡವರು ನಾಲ್ಕೈದು ಜನ. ಆದರೆ ನೆರಳಿರುವ ಕಡೆಯ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಪ್ರತಿಯೊಂದರ ಮೇಲೂ ಹಡಗಿನದೇ ನೀಲಿ ಟವೆಲ್, ಅದು ಹಾರಿಹೋಗದಂತೆ ಒಂದು ಚಪ್ಪಲಿ, ಇಲ್ಲವೇ ಮಗುಚಿಟ್ಟ ಒಂದು ಪುಸ್ತಕ. ಬಸ್ಸು ನಿಲ್ದಾಣಕ್ಕೆ ಬರುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆಗೆ ನಾವೇ ವಾರಸುದಾರರು ಎಂದುಕೊಂಡಿದ್ದ ನನಗೆ ಒಹಾಯೊ, ಟೆಕ್ಸಸ್ ಕಡೆಯವರೂ ಅದರಲ್ಲಿ ಪಳಗಿದ್ದಾರೆಂದು ಆ ದಿನ ತಿಳಿಯಿತು. ನಮ್ಮ ಬಸ್ಸಿನಲ್ಲಾದರೂ ಟವೆಲ್ ಎಸೆದವನು ಎರಡು ನಿಮಿಷದಲ್ಲಿ ಹತ್ತಿ ಬಂದು ಕೂರುತ್ತಾನೆ. ಇಲ್ಲಿಯವರು ತಿಂಡಿ ಮುಗಿಸಿ, ಒಂದು ನಿದ್ದೆ ತೆಗೆದು, ಹನ್ನೊಂದಕ್ಕೆ ಬರುತ್ತಾರೆ.

ಇದಕ್ಕೆ ನಿಯಮವಿಲ್ಲ ಎನ್ನುವಂತಿಲ್ಲ. ನಲವತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾರೂ ಬಾರದಿದ್ದರೆ ಸಾಮಾನನ್ನು ತೆಗೆದಿಡಲಾಗುವುದು ಎಂಬ ಫಲಕ ಅಲ್ಲೇ ನಿಂತಿತ್ತು. ಟವೆಲ್ ಕೊಡುವ ಹುಡುಗನನ್ನು ಕೇಳಿದೆ. ಅವನು ಬಹಳ ಮರ್ಯಾದೆಯಿಂದ ನಕ್ಕು, ಬೇರೆಲ್ಲಾದರೂ ಜಾಗ ಹುಡುಕಿಕೊಡುತ್ತೇನೆ ಎಂದನೇ ಹೊರತು ಒಂದು ಚಪ್ಪಲಿಯನ್ನೂ ಮುಟ್ಟಲಿಲ್ಲ. ಅವನದು ತಪ್ಪೆಂದು ನನಗೆ ಅನ್ನಿಸಲಿಲ್ಲ. ಪ್ರವಾಸದ ಕೊನೆಯಲ್ಲಿ ಪ್ರಯಾಣಿಕರು ತುಂಬುವ ಅಭಿಪ್ರಾಯ ಪತ್ರ ಮತ್ತು ಅವರು ಕೊಡುವ ಟಿಪ್ಸ್ ಮೇಲೆ ಅವನ ದುಡಿಮೆ ನಿಂತಿದೆ. ಟವೆಲ್ ತೆಗೆದರೆ ಜಗಳಕ್ಕೆ ಬರುವವನು ಅದೇ ಪತ್ರ ತುಂಬುವವನು. ನಿಯಮವನ್ನು ಕಂಪನಿ ಬರೆದು, ಅದನ್ನು ಜಾರಿ ಮಾಡುವ ಹೊಣೆಯನ್ನು ಜಗಳವಾಡುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವವನ ತಲೆಗೆ ಕಟ್ಟಿದೆ. ಹಡಗಿನ ಬಗ್ಗೆ ನನ್ನ ನಿಜವಾದ ದೂರು ಇದೊಂದೇ. ನಾವು ಕಂಡುಕೊಂಡ ದಾರಿ ಸುಲಭದ್ದು: ಈಜುಕೊಳದ ಆಸೆ ಬಿಟ್ಟು, ಲೈಫ್‌ಬೋಟ್‌ಗಳ ಕೆಳಗೆ ಹಡಗಿನ ಸುತ್ತ ಹೋಗುವ ನಡಿಗೆಯ ಡೆಕ್ಕಿಗೆ ಹೋದೆವು. ಅಲ್ಲಿ ಸಂಗೀತವಿಲ್ಲ, ಬಾರ್ ಇಲ್ಲ, ಆದ್ದರಿಂದ ಜನವೂ ಇಲ್ಲ. ಸಮುದ್ರ ಮಾತ್ರ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಬಫೆಯ ಮಾತು ಬೇರೆ. ಬಾಗಿಲಲ್ಲೇ ಕೈತೊಳೆಯುವ ಸಾಲು ಸಿಂಕ್‌ಗಳಿದ್ದವು, ಪಕ್ಕದಲ್ಲಿ ಸ್ಯಾನಿಟೈಸರ್ ಯಂತ್ರವೂ ಇತ್ತು. ಹಡಗುಗಳಲ್ಲಿ ವಾಂತಿಭೇದಿ ಹಬ್ಬಿಸುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಜಗ್ಗುವುದಿಲ್ಲ, ಸೋಪು ನೀರೇ ಬೇಕು. ಆದರೂ ಹತ್ತರಲ್ಲಿ ಏಳು ಮಂದಿ ಸಿಂಕ್ ದಾಟಿಕೊಂಡು ನೇರವಾಗಿ ಒಳಗೆ ನುಗ್ಗುತ್ತಿದ್ದರು ಎಂಬುದು ಅಪ್ಪ ಒಂದು ಬೆಳಗ್ಗೆ ಅಲ್ಲೇ ಕೂತು ಮಾಡಿದ ಲೆಕ್ಕ. ನಿವೃತ್ತ ಬ್ಯಾಂಕ್ ಅಧಿಕಾರಿಗೆ ಎಣಿಸಲು ಏನಾದರೂ ಬೇಕು. ಅಮ್ಮನ ಆಕ್ಷೇಪ ಇನ್ನೂ ಹಳೆಯದು. ಸಾಲಿನಲ್ಲಿ ನಡೆಯುತ್ತಲೇ ತಟ್ಟೆಯಿಂದ ಒಂದು ತುಂಡು ಬಾಯಿಗೆ ಹಾಕಿಕೊಂಡು, ಅದೇ ಕೈಯಲ್ಲಿ ಮುಂದಿನ ಪಾತ್ರೆಯ ಇಕ್ಕಳ ಹಿಡಿಯುವವರನ್ನು ನೋಡಿ ಅವರು ಎರಡನೇ ದಿನಕ್ಕೇ ಬಫೆಯನ್ನು ತ್ಯಜಿಸಿದರು. ಎಂಜಲು ಎಂಬ ಮಾತನ್ನು ಮಡಿವಂತಿಕೆಯ ಪಟ್ಟಿಗೆ ಸೇರಿಸಿ ನಗುತ್ತಿದ್ದ ನಾನು ಈ ಬಾರಿ ಸುಮ್ಮನಿದ್ದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಹಡಗುಗಳ ಶುಚಿತ್ವವನ್ನು ತಪಾಸಣೆ ಮಾಡಿ ನೂರಕ್ಕೆ ಅಂಕ ಕೊಡುತ್ತದೆ, 86 ಬಂದರೆ ಪಾಸು, ಫಲಿತಾಂಶವನ್ನು ಯಾರು ಬೇಕಾದರೂ ನೋಡಬಹುದು. ಆದರೆ ಪ್ರಯಾಣಿಕರ ಕೈಗೆ ಅಂಕ ಕೊಡುವವರಿಲ್ಲ. ಹಡಗು ಸಮುದ್ರದಲ್ಲಿರುವ ದಿನಗಳಲ್ಲಿ ಮಧ್ಯಾಹ್ನವೂ ದೊಡ್ಡ ಊಟದ ಹಾಲ್ ತೆರೆದಿರುತ್ತದೆ, ಬಡಿಸುವವರು ಮೇಜಿಗೇ ತಂದುಕೊಡುತ್ತಾರೆ, ಹೆಚ್ಚಿನ ಹಣವಿಲ್ಲ. ಇದು ಬಹಳ ಜನರಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ಆ ಊಟದ ಹಾಲ್ ಈ ಪ್ರವಾಸದ ಅತ್ಯುತ್ತಮ ಭಾಗವಾಗುತ್ತದೆಂದು ನಾನು ಊಹಿಸಿರಲಿಲ್ಲ. ರಾತ್ರಿಯ ಊಟಕ್ಕೆ ಬುಕಿಂಗ್ ಮಾಡುವಾಗಲೇ ಎರಡು ಆಯ್ಕೆಗಳಿರುತ್ತವೆ: ಬೇಕಾದಾಗ ಬಂದು ಖಾಲಿ ಇರುವಲ್ಲಿ ಕೂರುವುದು, ಅಥವಾ ನಿಗದಿತ ಹೊತ್ತಿಗೆ ದಿನವೂ ಒಂದೇ ಮೇಜು, ಅದೇ ಜನ, ಅದೇ ಬಡಿಸುವವರು. ಬೇಗ ಉಣ್ಣುವ ಅಪ್ಪ ಅಮ್ಮನಿಗಾಗಿ ಆರು ಗಂಟೆಯ ನಿಗದಿತ ಮೇಜು ಆರಿಸಿದ್ದೆ. ಎಂಟು ಜನರ ಮೇಜು. ಉಳಿದ ನಾಲ್ಕು ಕುರ್ಚಿಗಳಲ್ಲಿ ಒಹಾಯೊದ ವೃದ್ಧ ದಂಪತಿ ಮತ್ತು ಜಾರ್ಜಿಯಾ ರಾಜ್ಯದ ಇಬ್ಬರು ಅಕ್ಕತಂಗಿಯರು. ಆ ಹಿರಿಯರಿಗೆ ಇದು ಇಪ್ಪತ್ತಮೂರನೆಯ ಕ್ರೂಸ್. ಮೊದಲ ರಾತ್ರಿ ಸೂಪಿನಿಂದ ಸಿಹಿಯವರೆಗೆ ಹಿಂದಿನ ಇಪ್ಪತ್ತೆರಡರ ವರದಿ ಒಪ್ಪಿಸಿದರು. ಯಾವ ಹಡಗಿನಲ್ಲಿ ಯಾವ ವರ್ಷ ಬೆಣ್ಣೆ ಚೆನ್ನಾಗಿತ್ತು ಎಂಬುದೂ ಅದರಲ್ಲಿ ಸೇರಿತ್ತು. ಮೇಜು ಬದಲಿಸಿಕೊಡಿ ಎಂದು ಮೊದಲ ರಾತ್ರಿಯೇ ಹೇಳಿದರೆ ಸಾಮಾನ್ಯವಾಗಿ ಬದಲಿಸಿಕೊಡುತ್ತಾರೆ. ನಾನು ಹೇಳಲು ಎದ್ದೂ ಇದ್ದೆ.

ತಡೆದದ್ದು ನಮ್ಮ ಮೇಜಿಗೆ ಬಡಿಸುವವರು. ಕ್ರೂಸ್ ಹಡಗುಗಳಲ್ಲಿ ದುಡಿಯುವ ಕರಾವಳಿಯ ಹುಡುಗರ ಸಂಖ್ಯೆ ದೊಡ್ಡದೆಂದು ಕೇಳಿದ್ದೆ, ಆದರೆ ನಮಗೇ ಉಡುಪಿ ಕಡೆಯವರೊಬ್ಬರು ಸಿಗುತ್ತಾರೆಂದು ಎಣಿಸಿರಲಿಲ್ಲ. ಅಮ್ಮ ನನ್ನ ಬಳಿ “ಇದರಲ್ಲಿ ಮೊಟ್ಟೆ ಇದೆಯೇನೋ ಕೇಳೋ” ಎಂದದ್ದು ಕಿವಿಗೆ ಬಿದ್ದು ಅವರು ಕನ್ನಡದಲ್ಲೇ ಉತ್ತರ ಕೊಟ್ಟರು. “ನಾಳೆಗೆ ಎಂತ ಬೇಕು ಅಂತ ಇವತ್ತೇ ಹೇಳಿ ಅಮ್ಮ. ಅಡುಗೆಯವರಿಗೆ ಈಗಲೇ ಹೇಳಿದ್ರೆ ಮಾತ್ರ ಆಗ್ತದೆ.” ಸಸ್ಯಾಹಾರಿಗಳು ಗಮನಿಸಬೇಕಾದ ಮಾತು ಇದು. ಪಟ್ಟಿಯಲ್ಲಿ ಬರೆದಿರುವ ಸಸ್ಯಾಹಾರವೆಂದರೆ ಹೆಚ್ಚಾಗಿ ಚೀಸ್ ಸುರಿದ ಪಾಸ್ತಾ. ಹಿಂದಿನ ರಾತ್ರಿಯೇ ಹೇಳಿಟ್ಟರೆ ಬೇಳೆ, ಪಲ್ಯ, ಅನ್ನ, ರೊಟ್ಟಿ ಬರುತ್ತದೆ. ಎರಡನೇ ರಾತ್ರಿ ಒಗ್ಗರಣೆ ಹಾಕಿದ ಬೇಳೆಯ ಬಟ್ಟಲು ಮೇಜಿಗೆ ಬಂದಾಗ ಆ ಹಿರಿಯರು ತಮ್ಮ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಅದರ ಕಡೆಗೇ ನೋಡತೊಡಗಿದರು. “ಪಾಪ, ಅವರಿಗೂ ಒಂದು ಸೌಟು ಹಾಕಪ್ಪ” ಎಂದರು ಅಮ್ಮ. ಬುಧವಾರದಿಂದ ನಮ್ಮ ಮೇಜಿಗೆ ಎಂಟು ಜನರಿಗಾಗುವಷ್ಟು ಬೇಳೆ ಬಂತು. ಗುರುವಾರ ಎಲ್ಲರೂ ಚೆನ್ನಾಗಿ ಉಡುಪು ತೊಟ್ಟು ಬರುವ ರಾತ್ರಿ. ಜಾರ್ಜಿಯಾದ ಅಕ್ಕ ಅಮ್ಮನ ಮೈಸೂರು ರೇಷ್ಮೆಯ ಸೆರಗನ್ನು ಕೈಯಲ್ಲಿ ಹಿಡಿದು, ಅದರ ಜರಿಯ ಬಗ್ಗೆ ಅರ್ಧ ಗಂಟೆ ವಿಚಾರಿಸಿದರು. ಅಮ್ಮನ ಇಂಗ್ಲಿಷ್ ನನ್ನ ನಿರೀಕ್ಷೆಗಿಂತ ಬಹಳ ಚೆನ್ನಾಗಿತ್ತು.

ಲಿಫ್ಟ್‌ಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹಡಗು ದಡ ಮುಟ್ಟಿದ ಬೆಳಗ್ಗೆ ಎಲ್ಲರೂ ಒಮ್ಮೆಗೇ ಕೆಳಗಿಳಿಯಬೇಕು. ಗಾಲಿಕುರ್ಚಿಯಲ್ಲಿದ್ದ ಒಬ್ಬ ಮಹಿಳೆಯ ಮುಂದೆ ಕೈಕಾಲು ಗಟ್ಟಿಯಿದ್ದವರೇ ನಾಲ್ಕು ಲಿಫ್ಟ್ ತುಂಬಿಕೊಂಡು ಇಳಿದದ್ದನ್ನು ನೋಡಿದ ಮೇಲೆ ನಾನು ಮತ್ತು ಹೆಂಡತಿ ಮೆಟ್ಟಿಲನ್ನೇ ಹಿಡಿದೆವು. ಇನ್ನು ನಮ್ಮ ಸರದಿ. ಎರಡು ಕ್ಯಾಬಿನ್‌ಗಳ ನಡುವಿನ ಕಾರಿಡಾರ್ ನಮ್ಮ ಮನೆಯ ಹಜಾರವೆಂಬಂತೆ, ರಾತ್ರಿ ಹನ್ನೊಂದಕ್ಕೆ ಬಾಗಿಲು ತೆರೆದಿಟ್ಟು, ಭಾರತದಲ್ಲಿ ಬೆಳಗಾಗಿದೆಯೆಂದು ತಂಗಿಗೆ ವಿಡಿಯೊ ಕರೆ ಮಾಡಿ, ನಾಲ್ವರೂ ಒಟ್ಟಿಗೆ ಮಾತಾಡುತ್ತಿದ್ದೆವು. ಮೂರನೇ ದಿನ ಎದುರು ಕ್ಯಾಬಿನ್‌ನವರು ಏನೂ ಹೇಳದೆ ಬಾಗಿಲ ಸಂದಿಯಲ್ಲಿ ಒಂದು ಚೀಟಿ ತೂರಿಸಿದ್ದರು. ಬಹಳ ಸಭ್ಯ ಭಾಷೆಯ ಚೀಟಿ. ಅದಾದ ಮೇಲೆ ಕರೆಗಳು ನಡಿಗೆಯ ಡೆಕ್ಕಿಗೆ ವರ್ಗವಾದವು.

ದ್ವೀಪಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಸೇಂಟ್ ಥಾಮಸ್. ಡೆನ್ಮಾರ್ಕ್‌ನಿಂದ 1917ರಲ್ಲಿ ಎರಡೂವರೆ ಕೋಟಿ ಡಾಲರ್‌ಗೆ ಅಮೆರಿಕ ಕೊಂಡ ದ್ವೀಪಗಳಲ್ಲಿ ಇದೂ ಒಂದು. ಅಮೆರಿಕದ ನೆಲವೇ ಆದರೂ ಇಲ್ಲಿ ವಾಹನಗಳು ನಮ್ಮ ಊರಿನಂತೆ ಎಡಕ್ಕೇ ಚಲಿಸುತ್ತವೆ, ಕಾರುಗಳ ಸ್ಟೀರಿಂಗ್ ಮಾತ್ರ ಅಮೆರಿಕದಂತೆ ಎಡಬದಿಯಲ್ಲೇ. ಲಾರಿಯ ಹಿಂಭಾಗಕ್ಕೆ ಬೆಂಚು ಜೋಡಿಸಿದಂಥ ತೆರೆದ ಟ್ಯಾಕ್ಸಿಗಳಲ್ಲಿ ಸಹಪ್ರಯಾಣಿಕರ ಜೊತೆ ಒತ್ತೊತ್ತಾಗಿ ಕೂತು ಬೆಟ್ಟದ ತಿರುವುಗಳನ್ನು ಏರಿ ಮೇಗನ್ಸ್ ಬೇ ಕಡಲತೀರಕ್ಕೆ ಹೋಗಬೇಕು. ಟ್ಯಾಕ್ಸಿ ತುಂಬದ ಹೊರತು ಚಾಲಕ ಹೊರಡುವುದಿಲ್ಲ. ಈ ವಿಷಯದಲ್ಲಿ ನಮ್ಮೊಬ್ಬರಿಗೇ ತಾಳ್ಮೆಯ ತರಬೇತಿ ಮೊದಲೇ ಆಗಿತ್ತು. ರಾಜಧಾನಿ ಶಾರ್ಲಟ್ ಅಮಾಲಿಯ ಮುಖ್ಯ ಬೀದಿಯಲ್ಲಿ, ಹಿಂದಿನ ದಿನ ಸಿಂಟ್ ಮಾರ್ಟನ್‌ನ ಫಿಲಿಪ್ಸ್‌ಬರ್ಗ್‌ನಲ್ಲಿ ಕಂಡಂತೆಯೇ, ಸಿಂಧಿ ವ್ಯಾಪಾರಿಗಳ ಆಭರಣದ ಅಂಗಡಿಗಳು ಸಾಲಾಗಿವೆ. ಅಮ್ಮನನ್ನು ಕಂಡೊಡನೆ ಹಿಂದಿಯಲ್ಲಿ ಕರೆದು ಕೂರಿಸಿ ನೀರು ಕೊಟ್ಟರು. ದರ ಮಾತ್ರ ಎಲ್ಲರಿಗೂ ಹೇಳಿದಷ್ಟೇ ಹೇಳಿದರು.

ಅಲ್ಲೇ ಒಂದು ಓಟವೂ ಆಯಿತು. ಹಡಗು ತನ್ನ ಗಡಿಯಾರವನ್ನು ಮಿಯಾಮಿಯ ಸಮಯದಲ್ಲೇ ಇಟ್ಟುಕೊಂಡಿತ್ತು. ಚಳಿಗಾಲದಲ್ಲಿ ಸಿಂಟ್ ಮಾರ್ಟನ್ ಮತ್ತು ಸೇಂಟ್ ಥಾಮಸ್‌ನ ಸಮಯ ಅದಕ್ಕಿಂತ ಒಂದು ಗಂಟೆ ಮುಂದು. ದಡ ಮುಟ್ಟಿದ ಕೂಡಲೇ ನಮ್ಮ ಫೋನ್‌ಗಳು ಸದ್ದಿಲ್ಲದೆ ಸ್ಥಳೀಯ ಸಮಯಕ್ಕೆ ಬದಲಾಗಿದ್ದವು. ನಾಲ್ಕೂವರೆಯೊಳಗೆ ಹತ್ತಬೇಕಾದ ಹಡಗಿಗೆ ಅಪ್ಪ ನಮ್ಮನ್ನು ಬಿಸಿಲಿನಲ್ಲಿ ಓಡಿಸಿಕೊಂಡು ಬಂದಾಗ ಹಡಗಿನ ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು. ಹೊರಡುವ ದಿನವೇ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಹೊಂದಿಸಿಕೊಂಡು ಅದನ್ನೇ ನಂಬಬೇಕು. ನಸ್ಸೌದಲ್ಲಿ ನಾವು ಇಳಿಯಲಿಲ್ಲ. ಮೂರು ಹಡಗುಗಳು ಒಟ್ಟಿಗೆ ನಿಂತಿದ್ದವು. ಎಲ್ಲರೂ ಇಳಿದು ಹೋದ ನಮ್ಮ ಹಡಗಿನ ಈಜುಕೊಳದಲ್ಲಿ, ಏಳು ದಿನಗಳಲ್ಲಿ ಮೊದಲ ಬಾರಿಗೆ, ನೆರಳಿನಲ್ಲಿ ನಾಲ್ಕು ಕುರ್ಚಿಗಳು ಸಿಕ್ಕವು. ಅಪ್ಪ ಕೂರುವ ಮೊದಲು ಪ್ರತಿಯೊಂದಕ್ಕೂ ಟವೆಲ್ ಹಾಸಿದರು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಊಟದ ಹಾಲ್ ಮತ್ತು ಅಲ್ಲಿ ದುಡಿಯುವವರಿಗೆ ಪೂರ್ತಿ ಐದು, ಕ್ಯಾಬಿನ್‌ಗೆ ನಾಲ್ಕು, ಈಜುಕೊಳದ ಡೆಕ್ಕಿಗೆ ಒಂದು. ವಯಸ್ಸಾದವರನ್ನು ಕರೆದೊಯ್ಯುವವರಿಗೆ, ದಿನಕ್ಕೊಂದು ಹೋಟೆಲಿನಲ್ಲಿ ಪೆಟ್ಟಿಗೆ ಬಿಚ್ಚಿ ಕಟ್ಟುವ ಕೆಲಸವಿಲ್ಲ ಎಂಬ ಒಂದೇ ಕಾರಣಕ್ಕೆ ಇದನ್ನು ಸೂಚಿಸಬಲ್ಲೆ. ಏಕಾಂತ ಹುಡುಕುವವರು ಇದೇ ಹಣದಲ್ಲಿ ಯಾವುದಾದರೂ ಒಂದೇ ದ್ವೀಪದಲ್ಲಿ ನಾಲ್ಕು ದಿನ ಇದ್ದು ಬರಲಿ. ಶಾಲೆಗಳಿಗೆ ರಜೆಯಿರುವ ಮಾರ್ಚ್ ವಾರಗಳನ್ನು ತಪ್ಪಿಸುವುದು ಮೇಲು. ಜೂನ್‌ನಿಂದ ನವೆಂಬರ್ ಕೊನೆಯವರೆಗೆ ಚಂಡಮಾರುತಗಳ ಕಾಲ, ದರ ಇಳಿದಿದ್ದರೆ ಅದಕ್ಕೊಂದು ಕಾರಣವಿದೆ.

ಕೊನೆಯ ಬೆಳಗ್ಗೆ ಕೆಟಲ್ ಬಿಡಿಸಿಕೊಳ್ಳಲು ಅಪ್ಪನ ಜೊತೆ ಚೀಟಿ ಹಿಡಿದು ಸಾಲಿನಲ್ಲಿ ನಿಂತೆ. ನಮ್ಮ ಮುಂದೆ ಇಸ್ತ್ರಿಪೆಟ್ಟಿಗೆಗಳವರು, ಕಾಫಿ ಯಂತ್ರದವರು, ಅನ್ನದ ಕುಕ್ಕರಿನ ಒಂದು ಗುಜರಾತಿ ಕುಟುಂಬ. ಕೌಂಟರಿನ ಹತ್ತಿರ ಬೆನ್ನು ಬಗ್ಗಿಸಿ ನಿಂತಿದ್ದವರು ಯಾರೆಂದು ನೋಡಿದರೆ ನಮ್ಮ ಒಹಾಯೊದ ಹಿರಿಯರು. ಹಡಗಿಗೆ ಹೊರಗಿನ ಎಕ್ಸ್‌ಟೆನ್ಶನ್ ಬೋರ್ಡ್ ಕೂಡ ನಿಷಿದ್ಧ. ಅವರದನ್ನು ಮೊದಲ ದಿನವೇ ತೆಗೆದಿಟ್ಟುಕೊಂಡಿದ್ದರಂತೆ. ಇಪ್ಪತ್ತಮೂರು ಪ್ರವಾಸಗಳಲ್ಲಿ ಇದು ಎಷ್ಟನೆಯ ಬಾರಿ ಎಂದು ಅಪ್ಪ ಕೇಳಿದರು. ಅವರು ಬೋರ್ಡಿನ ವೈರನ್ನು ನಿಧಾನವಾಗಿ ಸುತ್ತಿಕೊಳ್ಳುತ್ತಾ, ಬೆರಳೆಣಿಸಿ, ಆರನೆಯ ಬಾರಿ ಎಂದರು.