ಬೈಕಿನ ಬ್ಯಾಟರಿ ಪರೀಕ್ಷೆ: ಮಲ್ಟಿಮೀಟರ್, ಲೋಡ್ ಟೆಸ್ಟರ್, ಕಂಡಕ್ಟೆನ್ಸ್ ಟೆಸ್ಟರ್‌ಗಳಲ್ಲಿ ಯಾವುದನ್ನು ನಂಬಬೇಕು?

ಸೆಲ್ಫ್ ಒತ್ತಿದಾಗ ಬರೀ ಕಟಕಟ ಸದ್ದು ಬಂದು ಎಂಜಿನ್ ತಿರುಗದೆ ಹೋದರೆ ಮೊದಲ ಅಪವಾದ ಬರುವುದು ಬ್ಯಾಟರಿಯ ಮೇಲೆ. ಹೊಸದನ್ನು ಹಾಕಿಸಿದ ಮೇಲೆ ಕೆಲವು ದಿನ ಎಲ್ಲ ಸರಿಯಾಗಿರುತ್ತದೆ. ಆಮೇಲೆ ಮತ್ತೆ ಅದೇ ಕಟಕಟ. ಬ್ಯಾಟರಿಯೇ ಹಾಳಾಗಿರಬಹುದು, ಅದಕ್ಕೆ ಚಾರ್ಜ್ ಬಾರದೆ ಇರಬಹುದು, ಬಂದ ಚಾರ್ಜ್ ಗಾಡಿ ನಿಂತಿರುವಾಗ ಸೋರಿಹೋಗುತ್ತಿರಬಹುದು, ಇಲ್ಲವೇ ನಡುವಿನ ಯಾವುದೋ ಕನೆಕ್ಷನ್ ಕರೆಂಟನ್ನು ತಡೆಯುತ್ತಿರಬಹುದು. ಈ ನಾಲ್ಕರ ಲಕ್ಷಣವೂ ಸವಾರನಿಗೆ ಒಂದೇ ರೀತಿ ಕಾಣುತ್ತದೆ. ಇವುಗಳನ್ನು ಬೇರೆಬೇರೆಯಾಗಿ ತೋರಿಸಿಕೊಡುವ ಉಪಕರಣ ಯಾವುದು ಎಂದು ತಿಳಿಯಲು ಮಲ್ಟಿಮೀಟರ್, ಲೋಡ್ ಟೆಸ್ಟರ್, ಕಂಡಕ್ಟೆನ್ಸ್ ಟೆಸ್ಟರ್, ಕ್ಲ್ಯಾಂಪ್ ಮೀಟರ್, ಹೈಡ್ರೋಮೀಟರ್ ಮತ್ತು ಮೊಬೈಲಿಗೆ ಮಾಹಿತಿ ಕಳಿಸುವ ಬ್ಲೂಟೂತ್ ಮಾನಿಟರ್ ಇವಿಷ್ಟನ್ನೂ ಒಂದೇ ಗಾಡಿಯ ಮೇಲೆ ಒಂದಾದ ಮೇಲೊಂದರಂತೆ ಬಳಸಿ ನೋಡಿದ್ದೇನೆ.

ಹೈಡ್ರೋಮೀಟರಿನ ವಿಷಯ ಬೇಗ ಮುಗಿಯುತ್ತದೆ. ನೀರು ತುಂಬಿಸುವ ಹಳೆಯ ಮಾದರಿಯ ಬ್ಯಾಟರಿ ಇದ್ದರೆ ಪ್ರತಿ ಸೆಲ್ಲಿನ ಆಮ್ಲದ ಸಾಂದ್ರತೆಯನ್ನು ಅದು ಬೇರೆಬೇರೆಯಾಗಿ ಹೇಳುತ್ತದೆ. ಪೂರ್ತಿ ಚಾರ್ಜ್ ಆದ ಸೆಲ್ ಸುಮಾರು 1.265ರಿಂದ 1.280 ತೋರಿಸಬೇಕು, ಐದು ಸೆಲ್ ಸರಿಯಿದ್ದು ಒಂದು ಮಾತ್ರ 0.050ರಷ್ಟು ಕೆಳಗಿದ್ದರೆ ಆ ಸೆಲ್ ಹೋಯಿತೆಂದೇ ಲೆಕ್ಕ. ಒಳಗಿನ ಸೆಲ್ಲನ್ನು ಹೀಗೆ ಬೆರಳಿಟ್ಟು ತೋರಿಸುವ ಸಾಮರ್ಥ್ಯ ಉಳಿದ ಯಾವ ಉಪಕರಣಕ್ಕೂ ಇಲ್ಲ. ಆದರೆ ಈಗಿನ ಬಹುತೇಕ ಬೈಕುಗಳಲ್ಲಿರುವುದು ಮುಚ್ಚಳ ತೆರೆಯಲಾಗದ ಸೀಲ್ಡ್ ಬ್ಯಾಟರಿ. ಅಲ್ಲಿ ಅದಕ್ಕೆ ಕೆಲಸವಿಲ್ಲ.

ನಿಜವಾದ ಪೈಪೋಟಿ ಇರುವುದು ಮಲ್ಟಿಮೀಟರಿಗೂ ಟೆಸ್ಟರುಗಳಿಗೂ. ಗಾಡಿಯನ್ನು ಕೆಲವು ಗಂಟೆ ನಿಲ್ಲಿಸಿ ಟರ್ಮಿನಲ್‌ಗಳಿಗೆ ಮೀಟರ್ ಹಿಡಿದರೆ ಒಳ್ಳೆಯ ಲೆಡ್-ಆಸಿಡ್ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸುತ್ತದೆ. 12.4 ಎಂದರೆ ಮುಕ್ಕಾಲು ಭಾಗ ಚಾರ್ಜ್, 12.2 ಎಂದರೆ ಸುಮಾರು ಅರ್ಧ. ಓಡಿಸಿ ಬಂದ ಕೂಡಲೇ ನೋಡಿದರೆ ಪ್ಲೇಟುಗಳ ಮೇಲ್ಮೈಯಲ್ಲಿರುವ ಚಾರ್ಜಿನಿಂದಾಗಿ 13 ವೋಲ್ಟ್ ದಾಟಿದ ಸುಳ್ಳು ಅಂಕಿ ಸಿಗುತ್ತದೆ. ಕಾಯಲು ಸಮಯವಿಲ್ಲದಿದ್ದರೆ ಹೆಡ್‌ಲೈಟನ್ನು ಒಂದೆರಡು ನಿಮಿಷ ಉರಿಸಿ ಆರಿಸಿ ನೋಡಬೇಕು.

ಇಷ್ಟಕ್ಕೇ ನಿಲ್ಲಿಸಿದರೆ ಮಲ್ಟಿಮೀಟರ್ ಮೋಸ ಮಾಡುತ್ತದೆ. ನಿಂತಾಗ 12.6 ತೋರಿಸುತ್ತಿದ್ದ ಬ್ಯಾಟರಿಯೊಂದು ಸೆಲ್ಫ್ ಒತ್ತಿದ ಕ್ಷಣದಲ್ಲೇ 7 ವೋಲ್ಟಿನ ಹತ್ತಿರಕ್ಕೆ ಕುಸಿದದ್ದನ್ನು ನೋಡಿದ್ದೇನೆ. ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತರೆ ಒಳಗಿನ ರೋಧ ಹೆಚ್ಚುತ್ತದೆ. ಕರೆಂಟ್ ಹರಿಯದಿರುವಾಗ ಆ ರೋಧ ಮೀಟರಿಗೆ ಕಾಣುವುದೇ ಇಲ್ಲ. ಲೋಡ್ ಟೆಸ್ಟರ್ ಹುಟ್ಟಿದ್ದೇ ಇದನ್ನು ಬಯಲಿಗೆಳೆಯಲು. ಬ್ಯಾಟರಿಯ ಸಿಸಿಎ ಅಂಕಿಯ (ಕೊರೆವ ಚಳಿಯಲ್ಲೂ ಎಂಜಿನ್ ತಿರುಗಿಸಲು ಅದು ಕೊಡಬಲ್ಲ ಆಂಪಿಯರ್ ಎಷ್ಟೆಂಬುದು) ಅರ್ಧದಷ್ಟು ಕರೆಂಟನ್ನು 15 ಸೆಕೆಂಡು ಎಳೆದಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿಯಬಾರದು ಎಂಬುದು ಅದರ ಕಟ್ಟಳೆ. ತಣ್ಣಗಿರುವ ಬ್ಯಾಟರಿಗೆ ತುಸು ರಿಯಾಯಿತಿ ಉಂಟು.

ಆದರೆ ಸಾಮಾನ್ಯವಾಗಿ ಸಿಗುವ ಲೋಡ್ ಟೆಸ್ಟರುಗಳು ಕಾರಿನ ಬ್ಯಾಟರಿಗೆಂದು ಮಾಡಿದವು. ಎಳೆಯುವುದು 100 ಆಂಪಿಯರ್. ದೊಡ್ಡ ಬೈಕಿನ ಬ್ಯಾಟರಿಗೆ ಅದು ನಡೆದೀತು. 4–5 ಆಂಪಿಯರ್-ಅವರ್ ಸಾಮರ್ಥ್ಯದ ಸಣ್ಣ ಬ್ಯಾಟರಿಗೆ ಹಚ್ಚಿದರೆ ಆರೋಗ್ಯವಾಗಿರುವುದೂ ಫೇಲ್ ಆಗುತ್ತದೆ. ನನ್ನ ಮಟ್ಟಿಗೆ ಬೈಕಿನ ಸ್ಟಾರ್ಟರ್ ಮೋಟರೇ ಆ ಬೈಕಿಗೆ ತಕ್ಕ ಲೋಡ್ ಟೆಸ್ಟರ್. ಮೀಟರನ್ನು ಮೊಸಳೆ ಕ್ಲಿಪ್ಪಿನಿಂದ ಟರ್ಮಿನಲ್ಲಿಗೆ ಸಿಕ್ಕಿಸಿ, ಕನಿಷ್ಠ ಅಂಕಿಯನ್ನು ಹಿಡಿದಿಡುವ ‘ಮಿನ್’ ಗುಂಡಿ ಒತ್ತಿ, ಸೆಲ್ಫ್ ಒತ್ತಬೇಕು. 10ರ ಮೇಲೆ ನಿಂತರೆ ನೆಮ್ಮದಿ. 9.6ರ ಕೆಳಗೆ ಹೋದರೆ ಅನುಮಾನ ಗಟ್ಟಿ.

ಇಲ್ಲಿಯೂ ಒಂದು ತೊಡಕಿದೆ. ಸ್ಟಾರ್ಟರ್ ಮೋಟರಿನ ಬುಶ್ (ಶಾಫ್ಟ್ ತಿರುಗುವ ಆಸರೆ) ಹಿಡಿದುಕೊಂಡಿದ್ದರೆ ಅದು ಮಿತಿಮೀರಿ ಕರೆಂಟ್ ಎಳೆಯುತ್ತದೆ, ಒಳ್ಳೆಯ ಬ್ಯಾಟರಿಯೂ ಕುಸಿಯುತ್ತದೆ. ತಪ್ಪು ಯಾರದ್ದೆಂದು ಮಲ್ಟಿಮೀಟರ್ ಹೇಳಲಾರದು. ಆಗ ಕಂಡಕ್ಟೆನ್ಸ್ ಟೆಸ್ಟರ್ ಬೇಕಾಗುತ್ತದೆ. ಅದು ಬ್ಯಾಟರಿಗೆ ಸಣ್ಣ ಸಂಕೇತವೊಂದನ್ನು ಕಳಿಸಿ ಒಳಗಿನ ರೋಧವನ್ನು ನೇರವಾಗಿ ಅಳೆಯುತ್ತದೆ, ಸ್ಟಾರ್ಟರಿನ ಗೊಡವೆಯೇ ಇಲ್ಲ. ಬ್ಯಾಟರಿಯೊಂದನ್ನೇ ಮುಂದಿಟ್ಟುಕೊಂಡು ತೀರ್ಪು ಹೇಳುವುದರಲ್ಲಿ ಇದಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಷರತ್ತುಗಳು ಮಾತ್ರ ಇವೆ. ಕಾರಿಗೆಂದು ಮಾಡಿದ ಹಲವು ಮಾದರಿಗಳ ಅಳತೆ 100 ಸಿಸಿಎಯಿಂದ ಶುರುವಾಗುತ್ತದೆ. ಸಣ್ಣ ಬೈಕಿನ ಬ್ಯಾಟರಿ ಅದಕ್ಕಿಂತ ಕಡಿಮೆ ಇರಬಹುದು. ಎಷ್ಟೋ ಸಣ್ಣ ಬ್ಯಾಟರಿಗಳ ಮೇಲೆ ಸಿಸಿಎ ಮುದ್ರಿಸಿರುವುದೇ ಇಲ್ಲ. ಅಂದಾಜು ಅಂಕಿ ಕೊಟ್ಟರೆ ತೀರ್ಪೂ ಅಂದಾಜೇ. ಇನ್ನೊಂದು, ಖಾಲಿಯಾಗಿರುವ ಬ್ಯಾಟರಿಗೂ ಹಾಳಾಗಿರುವ ಬ್ಯಾಟರಿಗೂ ಅದು ಒಮ್ಮೊಮ್ಮೆ ‘ಬದಲಿಸಿ’ ಎಂದೇ ಹೇಳಿಬಿಡುತ್ತದೆ. ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು, ಮತ್ತೊಮ್ಮೆ ಅಳೆಯದೆ ಆ ಮಾತನ್ನು ನಂಬಬಾರದು.

ಚಾರ್ಜಿಂಗ್ ಕಡೆಗೆ ಬಂದರೆ ತಕ್ಕಡಿ ಪೂರ್ತಿ ಮಲ್ಟಿಮೀಟರಿನ ಕಡೆಗೆ ವಾಲುತ್ತದೆ. ಟೆಸ್ಟರಿನಲ್ಲೂ ಚಾರ್ಜಿಂಗ್ ಪರೀಕ್ಷೆ ಇರುತ್ತದೆ, ಆದರೆ ಅದು ಹೇಳುವುದು ‘ಸರಿ’ ಅಥವಾ ‘ಕಡಿಮೆ’ ಎಂದಷ್ಟೇ. ಎಲ್ಲಿ ಕಡಿಮೆ ಎಂಬುದೇ ನಮಗೆ ಬೇಕಾದ ಉತ್ತರ. ಎಂಜಿನ್ 4,000–5,000 ಆರ್‌ಪಿಎಂನಲ್ಲಿ ತಿರುಗುತ್ತಿರುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. 15 ದಾಟಿದರೆ ಮೊದಲ ಶಂಕೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಮೇಲೆಯೇ, ಗಾಡಿಯನ್ನು ಹಾಗೇ ಓಡಿಸುವಂತಿಲ್ಲ. ಎಕ್ಸಿಲರೇಟರ್ ತಿರುಗಿಸಿದರೂ ಅಂಕಿ 12.5ರಲ್ಲೇ ಕೂತಿದ್ದರೆ ಎಂಜಿನ್ ಜೊತೆ ಕರೆಂಟ್ ಹುಟ್ಟಿಸುವ ಕಾಯಿಲುಗಳ ಸ್ಟೇಟರ್, ಆ ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ನಿಯಂತ್ರಿಸುವ ಆರ್‌ಆರ್ (ರೆಕ್ಟಿಫೈಯರ್-ರೆಗ್ಯುಲೇಟರ್) ಯೂನಿಟ್, ವೈರಿಂಗ್ ಮೂರನ್ನೂ ಅನುಮಾನಿಸಬೇಕು.

ಸ್ಟೇಟರನ್ನು ಎರಡು ರೀತಿಯಲ್ಲಿ ನೋಡಬಹುದು, ಎರಡಕ್ಕೂ ಅಜಗಜಾಂತರ. ವೈರುಗಳನ್ನು ಜೋಡಿಸುವ ಪ್ಲಗ್ಗಾದ ಕಪ್ಲರ್ ಬಿಚ್ಚಿ ಸ್ಟೇಟರಿನ ಮೂರು ವೈರುಗಳ ನಡುವಿನ ರೋಧ ಅಳೆಯುವುದು ಎಲ್ಲರೂ ಮೊದಲು ಹೇಳುವ ವಿಧಾನ. ಆದರೆ ಅಲ್ಲಿ ಬರಬೇಕಾದ ಅಂಕಿ ಬಹುಪಾಲು ಒಂದು ಓಮಿಗಿಂತ ಕಡಿಮೆ. ಸಾಧಾರಣ ಮೀಟರಿನ ವೈರುಗಳ ರೋಧವೇ ಅದಕ್ಕೆ ಸಮೀಪದಲ್ಲಿರುತ್ತದೆ. ಈ ವಿಧಾನದಲ್ಲಿ ನಾನು ನಂಬುವುದು ಒಂದನ್ನೇ: ಯಾವ ವೈರಿಗೂ ಎಂಜಿನ್ ಬಾಡಿಗೂ ಸಂಪರ್ಕ ಸಿಗಬಾರದು. ಸಿಕ್ಕರೆ ಕಾಯಿಲ್ ಅರ್ತ್ ಆಗಿದೆ. ಎರಡನೆಯದು, ಕಪ್ಲರ್ ಬಿಚ್ಚಿದ ಸ್ಥಿತಿಯಲ್ಲೇ ಎಂಜಿನ್ ಚಾಲೂ ಮಾಡಿ ವೈರುಗಳ ಜೋಡಿಗಳ ನಡುವೆ ಎಸಿ ವೋಲ್ಟೇಜ್ ನೋಡುವುದು. ಮೂರು ಜೋಡಿಯೂ ಸಮನಾಗಿ, ಆರ್‌ಪಿಎಂ ಜೊತೆ ಏರುತ್ತಾ ಹೋಗಿ, ಹೆಚ್ಚಿನ ಬೈಕುಗಳಲ್ಲಿ 5,000 ಆರ್‌ಪಿಎಂ ಹೊತ್ತಿಗೆ 50 ವೋಲ್ಟ್ ದಾಟಬೇಕು. ಒಂದು ಜೋಡಿ ಹಿಂದುಳಿದರೆ ಸ್ಟೇಟರ್ ಕೆಟ್ಟಿದೆ, ಮತ್ತೆ ಯೋಚಿಸಬೇಕಿಲ್ಲ. ಬರಿಗೈ ಪಿನ್ನಿಗೆ ತಾಗದಂತೆ ಎಚ್ಚರವಿರಲಿ, ಆ ವೋಲ್ಟೇಜ್ ಚುರುಕಾಗಿಯೇ ತಟ್ಟುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಒಮ್ಮೆ ಅಳೆಯಿರಿ. ತಣ್ಣಗಿದ್ದಾಗ ಪಾಸಾಗಿ ಬಿಸಿಯಲ್ಲಿ ಅರ್ತ್ ಆಗುವ ಕಾಯಿಲುಗಳುಂಟು. ಷಂಟ್ ಮಾದರಿಯ ರೆಗ್ಯುಲೇಟರ್ ಹೆಚ್ಚಾದ ಕರೆಂಟನ್ನು ಸ್ಟೇಟರಿಗೇ ತಿರುಗಿಸಿ ಶಾರ್ಟ್ ಮಾಡುವುದರಿಂದ ಕಾಯಿಲ್ ಸದಾ ಕಾದೇ ಇರುತ್ತದೆ.

ಆರ್‌ಆರ್ ಯೂನಿಟ್ಟಿಗೆ ಮೀಟರಿನ ಡಯೋಡ್ ಪರೀಕ್ಷೆ ಅರ್ಧ ಸತ್ಯ ಹೇಳುತ್ತದೆ. ಡಯೋಡ್ ಸುಟ್ಟಿದ್ದರೆ ಗೊತ್ತಾಗುತ್ತದೆ. ವೋಲ್ಟೇಜನ್ನು ನಿಯಂತ್ರಿಸುವ ಭಾಗ ಕೆಟ್ಟಿದ್ದರೆ ಗೊತ್ತಾಗುವುದಿಲ್ಲ. ಸ್ಟೇಟರ್, ವೈರಿಂಗ್ ಎರಡೂ ಸರಿಯೆಂದು ಖಚಿತವಾದ ಮೇಲೆ ಉಳಿಯುವುದು ಅದೊಂದೇ ಎಂಬ ತರ್ಕವೇ ಇಲ್ಲಿ ಹೆಚ್ಚು ಭರವಸೆಯದು.

ವೈರಿಂಗ್ ಪರೀಕ್ಷೆಯನ್ನು ಬಹಳ ಮಂದಿ ಬಿಟ್ಟೇಬಿಡುತ್ತಾರೆ, ನನಗೆ ಅತಿ ಮುಖ್ಯವೆನಿಸಿದ್ದು ಅದೇ. ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಾಕಿ, ಮೀಟರಿನ ಒಂದು ಮೊನೆಯನ್ನು ಆರ್‌ಆರ್ ಯೂನಿಟ್ಟಿನ ಪಾಸಿಟಿವ್ ವೈರಿಗೆ, ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್‌ಗೆ ಹಿಡಿಯಿರಿ. 0.2 ವೋಲ್ಟಿನೊಳಗಿದ್ದರೆ ದಾರಿ ಸರಾಗ. ಬ್ಯಾಟರಿ ಪದೇ ಪದೇ ಸಾಯುತ್ತಿದ್ದ ಒಂದು ಬೈಕಿನಲ್ಲಿ ಇದು ಒಂದು ವೋಲ್ಟಿಗೂ ಮೇಲಿತ್ತು. ಯೂನಿಟ್ಟಿನ ಬಳಿ 14.3, ಬ್ಯಾಟರಿಯ ಬಳಿ 13.1. ಕಪ್ಲರ್ ಎಳೆದಾಗ ಸಲೀಸಾಗಿ ಬರಲಿಲ್ಲ. ಬಿಳಿಯ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದುಗಟ್ಟಿ, ಕರಗಿ ಪಿನ್ನನ್ನು ಕಚ್ಚಿಕೊಂಡಿತ್ತು. ಪಿನ್ನಿನ ಮೇಲೆ ಹಸಿರು ಕಿಲುಬು, ಅದರ ಹಿಂದಿನ ವೈರಿನ ಹೊದಿಕೆ ಗಡುಸಾಗಿ ಬಿರುಕು ಬಿಟ್ಟಿತ್ತು. ಹೊಸ ಬ್ಯಾಟರಿಯಾಗಲಿ ಹೊಸ ಯೂನಿಟ್ಟಾಗಲಿ ಈ ಗಾಡಿಯನ್ನು ಉಳಿಸುತ್ತಿರಲಿಲ್ಲ. ಕಂಡಕ್ಟೆನ್ಸ್ ಟೆಸ್ಟರ್ ಅದೇ ಗಾಡಿಯಲ್ಲಿ ‘ಚಾರ್ಜಿಂಗ್ ಕಡಿಮೆ’ ಎಂದು ಹೇಳಿ ಸುಮ್ಮನಾಗಿತ್ತು. ನೆಗೆಟಿವ್ ಕಡೆಗೂ ಇದೇ ಪರೀಕ್ಷೆ ಮಾಡಬೇಕು.

ಸೋರಿಕೆ ಹುಡುಕುವಾಗ ಕ್ಲ್ಯಾಂಪ್ ಮೀಟರಿಗೂ ಮಲ್ಟಿಮೀಟರಿಗೂ ಹೋಲಿಕೆ ಬರುತ್ತದೆ. ವೈರ್ ಬಿಚ್ಚದೆ ಅಳೆಯುವುದು ಕ್ಲ್ಯಾಂಪಿನ ಅನುಕೂಲ, ಆದರೆ ಕೆಲವೇ ಮಿಲಿಆಂಪಿಯರ್ ಅಳೆಯುವಷ್ಟು ಸೂಕ್ಷ್ಮತೆ ಸಾಮಾನ್ಯ ಡಿಸಿ ಕ್ಲ್ಯಾಂಪಿಗಿಲ್ಲ. ನೆಗೆಟಿವ್ ಕೇಬಲ್ ಬಿಚ್ಚಿ ಮಲ್ಟಿಮೀಟರನ್ನು ನಡುವೆ ಸೇರಿಸುವುದೇ ಸರಿ; ಆ ಸ್ಥಿತಿಯಲ್ಲಿ ಸೆಲ್ಫ್ ಒತ್ತಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಗಡಿಯಾರ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇವುಗಳಿಗೆ ಒಂದೆರಡು ಮಿಲಿಆಂಪಿಯರ್ ಸಹಜ. 9 ಆಂಪಿಯರ್-ಅವರ್ ಬ್ಯಾಟರಿಯಿಂದ 20 ಮಿಲಿಆಂಪಿಯರ್ ಸೋರುತ್ತಿದ್ದರೆ ಅರ್ಧ ಖಾಲಿಯಾಗಲು ಒಂಬತ್ತು ದಿನ ಸಾಕು. ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಅಂಕಿ ಯಾವಾಗ ಬೀಳುತ್ತದೆಂದು ನೋಡುವುದು. ಹೊರಗಿನಿಂದ ಜೋಡಿಸಿದ ಅಲಾರಂ, ಟ್ರ್ಯಾಕರ್, ಮೊಬೈಲ್ ಚಾರ್ಜರ್‌ಗಳಿಂದ ಹುಡುಕಾಟ ಶುರುಮಾಡುವುದು ನನ್ನ ರೂಢಿ. ಕ್ಲ್ಯಾಂಪಿನ ಸ್ಥಾನ ಬೇರೆ ಕಡೆಗಿದೆ: ಸ್ಟಾರ್ಟರ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ತೋರಿಸಿ, ಮೇಲೆ ಹೇಳಿದ ಬ್ಯಾಟರಿಯೋ ಮೋಟರೋ ಎಂಬ ಜಗಳವನ್ನು ಅದೂ ಬಿಡಿಸಬಲ್ಲದು.

ಬ್ಲೂಟೂತ್ ಮಾನಿಟರ್ ದೋಷ ಹಿಡಿಯುವ ಸಾಧನವೆಂದು ನಾನು ಭಾವಿಸಿರಲಿಲ್ಲ, ಬಳಸಿದ ಮೇಲೆ ಗೌರವ ಬಂತು. ಬಿಟ್ಟು ಬಿಟ್ಟು ಕಾಣಿಸಿಕೊಳ್ಳುವ ತೊಂದರೆ ಗ್ಯಾರೇಜಿನ ಮುಂದೆ ನಿಂತಾಗ ಎಂದೂ ಕಾಣಿಸಿಕೊಳ್ಳದು. ಓಡುವಾಗಿನ ವೋಲ್ಟೇಜ್ ರೇಖೆಯನ್ನು ಬರೆದಿಟ್ಟುಕೊಳ್ಳುವ ಈ ಪುಟ್ಟ ಡಬ್ಬಿಗೆ ಅದು ಸಿಕ್ಕಿಬೀಳುತ್ತದೆ. ಅದೂ ಸ್ವಲ್ಪ ಕರೆಂಟ್ ತಿನ್ನುವುದರಿಂದ ತಿಂಗಳುಗಟ್ಟಲೆ ನಿಲ್ಲುವ ಗಾಡಿಯಿಂದ ತೆಗೆದಿಡಬೇಕು.

ಒಂದನ್ನೇ ಕೊಳ್ಳುವವರಿಗೆ ನನ್ನ ಮಾತು ಮಲ್ಟಿಮೀಟರ್, ‘ಮಿನ್-ಮ್ಯಾಕ್ಸ್’ ಗುಂಡಿ ಇರುವುದು, ಜೊತೆಗೆ ಮೊಸಳೆ ಕ್ಲಿಪ್ಪುಗಳು. ಹಲವು ಗಾಡಿಗಳನ್ನು ನೋಡಿಕೊಳ್ಳುವವರು ಎರಡನೆಯದಾಗಿ 100ಕ್ಕಿಂತ ಕೆಳಗಿನ ಸಿಸಿಎಯನ್ನೂ ಅಳೆಯುವ ಕಂಡಕ್ಟೆನ್ಸ್ ಟೆಸ್ಟರ್ ಕೊಳ್ಳಲಿ. ಲಿಥಿಯಂ ಬ್ಯಾಟರಿ ಇರುವವರು ಅದಕ್ಕೆಂದೇ ಆಯ್ಕೆ ಇರುವ ಮಾದರಿಯನ್ನು ನೋಡಬೇಕು. ಆ ಬ್ಯಾಟರಿ ನಿಂತಾಗಲೇ 13.2–13.4 ವೋಲ್ಟ್ ತೋರಿಸುವುದರಿಂದ ಮೇಲಿನ ವಿಶ್ರಾಂತಿ ಅಂಕಿಗಳು ಅದಕ್ಕೆ ಹೊಂದುವುದಿಲ್ಲ. 12.8 ತೋರಿಸುತ್ತಿರುವ ಲಿಥಿಯಂ ಬ್ಯಾಟರಿ ಬಹುಪಾಲು ಖಾಲಿಯಾಗಿರುತ್ತದೆ.